ಮರಳುಗಾಡಿನಲ್ಲಿ ಗಾಡಿ ಓಡಿಸಲು ಯಾವ ದಾರಿ ಆರಿಸಬೇಕು?

ಮರುಭೂಮಿಯ ಆಫ್‌ರೋಡ್ ದಾರಿಯನ್ನು ಬಹಳ ಜನ ಫೋಟೋ ನೋಡಿ ಆರಿಸುತ್ತಾರೆ. ಕೆಂಪು ದಿಬ್ಬ, ಅದರ ನೆತ್ತಿ ದಾಟುತ್ತಿರುವ ಗಾಡಿ, ಹಿಂದೆ ಎದ್ದ ಧೂಳು. ಅಷ್ಟಕ್ಕೇ ಮನಸ್ಸು ಸೋತುಹೋಗುತ್ತದೆ. ಆದರೆ ಜಗತ್ತಿನ ಮರುಭೂಮಿಗಳಲ್ಲಿ ಮರಳು ಇರುವುದು ಸುಮಾರು ಐದರಲ್ಲಿ ಒಂದು ಪಾಲು ನೆಲದಲ್ಲಿ ಮಾತ್ರ. ಉಳಿದದ್ದೆಲ್ಲ ಬಂಡೆ, ಜಲ್ಲಿ, ಒಣಹಳ್ಳ, ಉಪ್ಪಿನ ಬಯಲು, ಬತ್ತಿದ ಕೆರೆ. ಒಂದೊಂದು ನೆಲದಲ್ಲೂ ಗಾಡಿ ಓಡಿಸುವ ರೀತಿಯೇ ಬೇರೆ. ಬಂಡೆಯ ಮೇಲೆ ಸಲೀಸಾಗಿ ಓಡಿಸಿದವರು ಮರಳಿಗೆ ಇಳಿದ ಹತ್ತೇ ನಿಮಿಷಕ್ಕೆ ಹೂತುಕೊಂಡು ನಿಲ್ಲಬಹುದು. ಮರಳಲ್ಲಿ ಪಳಗಿದವರಿಗೆ ಪ್ರಪಾತದ ಅಂಚಿನ ದಾರಿಯಲ್ಲಿ ಕೈ ನಡುಗಬಹುದು.

ಆದ್ದರಿಂದ ಯಾವ ದಾರಿಯ ಬಗ್ಗೆ ಓದಿದರೂ ನಾನು ಮೊದಲು ನೋಡುವುದು ಎರಡೇ ವಿಷಯ. ಟೈರಿನ ಕೆಳಗೆ ಏನಿದೆ? ಗಾಡಿ ಕೈಕೊಟ್ಟರೆ ಅಲ್ಲಿಗೆ ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ? ಚಂದ, ಹೆಸರು, ಉದ್ದ ಇವೆಲ್ಲ ಆಮೇಲೆ. ಈ ಎರಡರ ಮೇಲೆ ಜಗತ್ತಿನ ಕೆಲವು ಹೆಸರುವಾಸಿ ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ.

ಗಟ್ಟಿ ನೆಲದ ದಾರಿಗಳು: ಮೊಹಾವಿ ರೋಡ್, ವೈಟ್ ರಿಮ್

ಮರುಭೂಮಿಗೆ ಹೊಸಬರಾದರೆ ಗಟ್ಟಿ ನೆಲದಿಂದಲೇ ಶುರು ಮಾಡಿ. ಅಮೆರಿಕದ ನೈಋತ್ಯ ಭಾಗದಲ್ಲಿ ಇಂಥ ಎರಡು ಒಳ್ಳೆಯ ದಾರಿಗಳಿವೆ. ಎರಡೂ ಎರಡು ಮೂರು ದಿನದ ಪ್ರಯಾಣ. ಆದರೆ ಸ್ವಭಾವದಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲ.

ಮೊಹಾವಿ ರೋಡ್ ಕ್ಯಾಲಿಫೋರ್ನಿಯಾದ್ದು. ಕೊಲರಾಡೊ ನದಿಯಿಂದ ಪಶ್ಚಿಮಕ್ಕೆ ಸುಮಾರು 220 ಕಿಲೋಮೀಟರ್. ಅಲ್ಲಿನ ಮೂಲನಿವಾಸಿಗಳಾದ ಮೊಹಾವಿ ಜನ ನೀರಿನ ಸೆಲೆಯಿಂದ ಸೆಲೆಗೆ ನಡೆದು, ಕರಾವಳಿಯವರೆಗೆ ವ್ಯಾಪಾರಕ್ಕೆ ಹೋಗುತ್ತಿದ್ದ ದಾರಿ ಇದು. 19ನೇ ಶತಮಾನದಲ್ಲಿ ಕುದುರೆ ಬಂಡಿಗಳು ಬಂದವು, ಕಾವಲಿಗೆ ಸೈನ್ಯದ ಠಾಣೆಗಳು ಬಂದವು. ಈಗಲೂ ಪಿಯೂಟ್ ಸ್ಪ್ರಿಂಗ್ ಹತ್ತಿರ ಕೋಟೆಯ ಕಲ್ಲುಗೋಡೆ ಉಳಿದಿದೆ. ದಾರಿ ತಪ್ಪದಿರಲಿ ಅಂತ ಕವಲುಗಳಲ್ಲಿ ಕಲ್ಲು ಪೇರಿಸಿ ಗುರುತು ಮಾಡಿದ್ದಾರೆ.

ಇಲ್ಲಿ ಡ್ರೈವಿಂಗ್ ಕಷ್ಟ ಅನ್ನುವಂಥದ್ದಲ್ಲ. ಅಲ್ಲಲ್ಲಿ ಮೆತ್ತನೆ ಮರಳು, ಕುಲುಕಾಡಿಸುವ ಏರಿಳಿತ, ಪಶ್ಚಿಮದ ಕೊನೆಯಲ್ಲಿ ಆಫ್ಟನ್ ಕ್ಯಾನಿಯನ್ ಬಳಿ ಮೊಹಾವಿ ನದಿ ದಾಟುವುದು, ಅಷ್ಟೇ. ನಿಜವಾಗಿ ಹುಷಾರಾಗಿರಬೇಕಾದ ಜಾಗ ಸೋಡಾ ಲೇಕ್. ಇದು ಬತ್ತಿದ ಕೆರೆ. ಒಣಗಿದ್ದಾಗ ಅಂಗಳದ ಹಾಗೆ ಚಪ್ಪಟೆ. ಮಳೆ ಬಂದ ಮೇಲೆ ಮೇಲ್ಪದರ ಒಣಗಿದಂತೆ ಕಂಡರೂ ಅಡಿಯಲ್ಲಿ ಕೆಸರು ಹಾಗೇ ಇರುತ್ತದೆ. ಅದರಲ್ಲಿ ಹೂತ ಗಾಡಿಯನ್ನು ಇನ್ನೊಂದು ಗಾಡಿ ಎಳೆಯಲು ಹೋದರೆ ಅದೂ ಹೂತುಕೊಳ್ಳುತ್ತದೆ. ಇಳಿದು, ನಡೆದು, ಹಿಮ್ಮಡಿ ಒತ್ತಿ ನೋಡಿ. ಗುರುತು ಆಳವಾಗಿ ಬಿದ್ದರೆ ಸುತ್ತು ದಾರಿ ಹಿಡಿಯಿರಿ. ಕೆರೆಯ ನಡುವೆ ಒಂದು ಕಲ್ಲುಗುಡ್ಡೆಯಿದೆ, ಟ್ರಾವೆಲರ್ಸ್ ಮಾನ್ಯುಮೆಂಟ್ ಅಂತ. ಹೋಗುವವರೆಲ್ಲ ಒಂದೊಂದು ಕಲ್ಲು ತಂದು ಅದರ ಮೇಲಿಡುವುದು ರೂಢಿ.

ಈ ದಾರಿಯನ್ನು ನಾನು ಮೊದಲಿಗೆ ಇಡುವುದಕ್ಕೆ ಕಾರಣ ಒಂದೇ. ಉದ್ದಕ್ಕೂ ಪೆಟ್ರೋಲ್ ಬಂಕ್ ಇಲ್ಲ ನಿಜ, ಆದರೆ ನಡುನಡುವೆ ಕೆಲ್ಸೊ-ಸೀಮಾ, ಕೆಲ್‌ಬೇಕರ್ ಥರದ ಡಾಂಬರು ರಸ್ತೆಗಳು ಅಡ್ಡ ಹಾಯುತ್ತವೆ. ಟೈರು ಎರಡು ಹೋಯಿತು, ಯಾರಿಗೋ ಹುಷಾರಿಲ್ಲ, ಇಂಧನದ ಲೆಕ್ಕ ತಪ್ಪಿತು ಅಂದರೆ ಅರ್ಧಕ್ಕೇ ಬಿಟ್ಟು ಹೊರಬರಬಹುದು. ಹೊಸಬರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ. ಒಂದು ಬೇಸರದ ಸಂಗತಿಯೂ ಇದೆ. ಸೀಮಾ ಡೋಮ್ ಎಂಬ ಗುಡ್ಡದ ಮೇಲಿದ್ದ ಜೋಶುವಾ ಮರಗಳ ಕಾಡಿಗೆ 2020ರ ಆಗಸ್ಟ್‌ನಲ್ಲಿ ಬೆಂಕಿ ಬಿತ್ತು. ಸುಮಾರು 13 ಲಕ್ಷ ಮರಗಳು ಸುಟ್ಟುಹೋದವು ಎಂಬುದು ಅಂದಾಜು. ಹಳೆಯ ಫೋಟೋಗಳನ್ನು ನೋಡಿ ಹೋದವರಿಗೆ ಈಗ ಕಾಣುವುದು ಕರಿ ಬೊಡ್ಡೆಗಳು.

ವೈಟ್ ರಿಮ್ ಇರುವುದು ಯೂಟಾದ ಕ್ಯಾನಿಯನ್‌ಲ್ಯಾಂಡ್ಸ್ ನ್ಯಾಷನಲ್ ಪಾರ್ಕ್‌ನಲ್ಲಿ. ಸುಮಾರು 160 ಕಿಲೋಮೀಟರ್ ಸುತ್ತಿ ಹೊರಟಲ್ಲಿಗೇ ಬರುತ್ತದೆ. 1950ರ ದಶಕದಲ್ಲಿ ಯುರೇನಿಯಂ ಹುಡುಕುವವರಿಗಾಗಿ ಸರ್ಕಾರದ ಅಣುಶಕ್ತಿ ಆಯೋಗ ಮಾಡಿಸಿದ ದಾರಿ. ಯುರೇನಿಯಂ ಹೆಚ್ಚು ಸಿಗಲಿಲ್ಲ, ದಾರಿ ಉಳಿಯಿತು. ಮೇಲಿನ ಪ್ರಸ್ಥಭೂಮಿಯಿಂದ ನೂರಾರು ಮೀಟರ್ ಇಳಿದರೆ ಬಿಳಿ ಮರಳುಗಲ್ಲಿನ ಒಂದು ಅಟ್ಟೆ. ಅದರ ಅಂಚಿನಲ್ಲೇ ಚಕ್ರ ಉರುಳುತ್ತದೆ, ಅದರ ಕೆಳಗೆ ಮತ್ತೆ ಪ್ರಪಾತ. ನೋಟದ ವಿಷಯಕ್ಕೆ ಬಂದರೆ ಈ ಲೇಖನದಲ್ಲಿರುವ ಯಾವ ದಾರಿಯೂ ಇದಕ್ಕೆ ಸಾಟಿಯಲ್ಲ ಅಂತಲೇ ನನ್ನ ಅನಿಸಿಕೆ.

ಆದರೆ ಷೇಫರ್ ತಿರುವುಗಳು, ಮರ್ಫಿ ಹಾಗ್‌ಬ್ಯಾಕ್, ಹಾರ್ಡ್‌ಸ್ಕ್ರ್ಯಾಬಲ್ ಏರು, ಈ ಮೂರು ಕಡೆ ಒಂದೇ ಗಾಡಿಗೆ ಆಗುವಷ್ಟು ಅಗಲ. ಎದುರಿಗೆ ಗಾಡಿ ಬಂದರೆ ಯಾರಾದರೊಬ್ಬರು ಹಿಂದಕ್ಕೆ ಹೋಗಬೇಕು, ಅದೂ ಅಂಚು ನೋಡಿಕೊಂಡು. ಎತ್ತರ ಅಂದರೆ ತಲೆ ತಿರುಗುವವರು ಗಾಡಿಯಲ್ಲಿದ್ದರೆ ಮೊದಲೇ ಕೇಳಿಕೊಳ್ಳಿ. ಹೊಟ್ಟೆ ನೆಲದಿಂದ ಎತ್ತರವಿರುವ, ನಿಧಾನಕ್ಕೆ ಹೆಚ್ಚು ಎಳೆತ ಕೊಡುವ ಲೋ ರೇಂಜ್ ಗೇರು ಇರುವ ಫೋರ್ ವೀಲ್ ಡ್ರೈವ್ ಗಾಡಿ ಕಡ್ಡಾಯ. ಎಟಿವಿ, ಯುಟಿವಿ ಅನ್ನುವ ಚಿಕ್ಕ ತೆರೆದ ಆಫ್‌ರೋಡ್ ಗಾಡಿಗಳಿಗೆ ಪ್ರವೇಶವಿಲ್ಲ. ಒಂದೇ ದಿನಕ್ಕೆ ಹೋಗಿ ಬಂದರೂ ಪರ್ಮಿಟ್ ಬೇಕು, ಉಳಿಯುವುದಾದರೆ ಕ್ಯಾಂಪ್ ಜಾಗ ಮೊದಲೇ ಕಾಯ್ದಿರಿಸಬೇಕು. ದಾರಿಯಲ್ಲಿ ಕುಡಿಯುವ ನೀರು ಎಲ್ಲೂ ಸಿಗುವುದಿಲ್ಲ. ಗ್ರೀನ್ ನದಿ ತುಂಬಿದಾಗ ಒಂದು ಭಾಗ ಮುಳುಗಿ ಸುತ್ತು ಪೂರ್ತಿಯಾಗುವುದಿಲ್ಲ, ಆಗ ಬಂದ ದಾರಿಯಲ್ಲೇ ವಾಪಸ್ಸು.

ಗಾಡಿಯನ್ನು ಅಳೆದು ತೂಗಿ ನಿಧಾನ ಓಡಿಸುವುದು ಇಷ್ಟವಿದ್ದರೆ ವೈಟ್ ರಿಮ್. ಉದ್ದದ ಪ್ರಯಾಣ, ಹಳೆಯ ಕಾಲದ ಕುರುಹು, ಬೇಕೆಂದಾಗ ಹೊರಬರುವ ಅವಕಾಶ ಬೇಕಿದ್ದರೆ ಮೊಹಾವಿ.

ಮರಳಿಗೆ ಇಳಿಯುವ ಮುಂಚೆ

ದಿಬ್ಬಗಳ ದಾರಿಗಳನ್ನು ಹೋಲಿಸುವ ಮುಂಚೆ ಮರಳಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಇದು ಗೊತ್ತಿಲ್ಲದಿದ್ದರೆ ಯಾವುದು ಸುಲಭ, ಯಾವುದು ಕಷ್ಟ ಅನ್ನುವುದೇ ಅರ್ಥವಾಗುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ವಿಷಯ ಟೈರಿನ ಗಾಳಿ. ರಸ್ತೆಗೆ 35 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇರುವ ಟೈರನ್ನು ಮರಳಿಗೆ 15ರಿಂದ 18ಕ್ಕೆ ಇಳಿಸುತ್ತಾರೆ. ಆಗ ಟೈರು ಅಗಲವಾಗುತ್ತದೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಜಾಸ್ತಿಯಾಗುವುದು ಉದ್ದ. ನೆಲಕ್ಕೆ ತಾಗುವ ಭಾಗ ಮುಂದಕ್ಕೂ ಹಿಂದಕ್ಕೂ ಚಾಚಿಕೊಂಡು ಭಾರ ಹಂಚಿಹೋಗುತ್ತದೆ, ಚಕ್ರ ಮರಳನ್ನು ಅಗೆಯದೆ ಮೇಲೆ ತೇಲುತ್ತದೆ. ಎಂಜಿನ್ ಎಷ್ಟೇ ದೊಡ್ಡದಿರಲಿ, ಗಾಳಿ ಇಳಿಸದಿದ್ದರೆ ಅದೇ ಶಕ್ತಿ ಗುಂಡಿ ತೋಡುತ್ತದೆ. ತುಂಬಾ ಇಳಿಸಿದಾಗ ಮಾತ್ರ ಸ್ಟೀರಿಂಗ್ ಗಕ್ಕನೆ ತಿರುಗಿಸಬೇಡಿ, ಟೈರು ರಿಮ್ಮಿನಿಂದ ಕಳಚಿಕೊಳ್ಳುತ್ತದೆ. ಮತ್ತೆ ರಸ್ತೆಗೆ ಬಂದಾಗ ಗಾಳಿ ತುಂಬಲು ಕಂಪ್ರೆಸರ್ ಗಾಡಿಯಲ್ಲೇ ಇರಬೇಕು.

ಎರಡನೆಯದು ದಿಬ್ಬದ ಆಕಾರ. ಗಾಳಿ ಬೀಸಿ ಬರುವ ಕಡೆ ಇಳಿಜಾರು ನಿಧಾನ, ಮರಳು ಗಟ್ಟಿ. ಆಚೆ ಬದಿಯಲ್ಲಿ ಮರಳು ಜಾರಿ ಬಿದ್ದು ನಿಂತಿರುತ್ತದೆ, ಇಳಿಜಾರು 32ರಿಂದ 34 ಡಿಗ್ರಿ, ಮರಳು ಹಿಟ್ಟಿನ ಹಾಗೆ ಮೆತ್ತಗೆ. ಅಂದರೆ ಒಂದೇ ದಿಬ್ಬ ಒಂದು ಕಡೆಯಿಂದ ಸುಲಭ, ಇನ್ನೊಂದು ಕಡೆಯಿಂದ ಅಸಾಧ್ಯ ಆಗಬಹುದು. ಯಾವ ದಿಕ್ಕಿನಿಂದ ಹೊರಡಬೇಕು ಅನ್ನುವುದು ಇದರಿಂದಲೇ ತೀರ್ಮಾನವಾಗುತ್ತದೆ.

ಏರುವಾಗ ವೇಗ ಕೆಳಗಿನಿಂದಲೇ ಕಟ್ಟಿಕೊಳ್ಳಬೇಕು. ಅರ್ಧದಲ್ಲಿ ಗಾಡಿ ನಿಂತರೆ ತಿರುಗಿಸುವ ಯೋಚನೆಯೇ ಬೇಡ. ಅಡ್ಡ ನಿಂತ ಗಾಡಿ ಉರುಳುತ್ತದೆ. ರಿವರ್ಸ್ ಹಾಕಿ, ಬಂದ ಗುರುತಿನಲ್ಲೇ ನೇರ ಕೆಳಗಿಳಿದು ಮತ್ತೆ ಪ್ರಯತ್ನಿಸಿ. ನಿಲ್ಲಿಸುವಾಗ ಬ್ರೇಕ್ ಒತ್ತಿದರೆ ಟೈರಿನ ಮುಂದೆ ಮರಳು ಗುಡ್ಡೆಯಾಗಿ ಮತ್ತೆ ಹೊರಡುವುದೇ ಕಷ್ಟ. ಆಕ್ಸಿಲರೇಟರ್ ಬಿಟ್ಟು ತಾನಾಗೇ ನಿಲ್ಲಲು ಬಿಡಿ, ಆದಷ್ಟು ಮೂತಿ ಇಳಿಜಾರಿನ ಕಡೆಗಿರಲಿ. ಚಕ್ರ ಸುಮ್ನೆ ತಿರುಗುತ್ತಿದೆ ಅನ್ನಿಸಿದ ಕ್ಷಣವೇ ಕಾಲು ತೆಗೆಯಿರಿ. ಅಲ್ಲಿಗೇ ನಿಲ್ಲಿಸಿದರೆ ಹತ್ತು ನಿಮಿಷದ ಕೆಲಸ. ಚಾಸಿ ಮರಳಿಗೆ ಕೂರುವ ತನಕ ತುಳಿದರೆ ಅರ್ಧ ದಿನ ಹೋಗುತ್ತದೆ. ನಾಲ್ಕೂ ಚಕ್ರದ ಮುಂದಿನ ಮರಳು ತೆಗೆದು, ಹೊಟ್ಟೆಯಡಿ ಸಿಕ್ಕಿದ್ದನ್ನೂ ಸನಿಕೆಯಿಂದ ಬಳಿದು, ಗಾಳಿ ಇನ್ನೂ ಸ್ವಲ್ಪ ಇಳಿಸಿ, ಚಕ್ರದಡಿ ರಿಕವರಿ ಬೋರ್ಡ್ ಎಂಬ ಹಲಗೆ ಇಟ್ಟು ನಿಧಾನ ಹೊರಡಿ.

ಇನ್ನೊಂದು, ಹೊತ್ತು. ನಡು ಮಧ್ಯಾಹ್ನ ಸೂರ್ಯ ನೆತ್ತಿಗೆ ಬಂದಾಗ ದಿಬ್ಬಗಳಿಗೆ ನೆರಳೇ ಇರುವುದಿಲ್ಲ. ಮುಂದಿನದು ಸಮತಟ್ಟೋ, ಎರಡಾಳು ಆಳದ ಹಳ್ಳವೋ ಕಣ್ಣಿಗೆ ಗೊತ್ತಾಗುವುದಿಲ್ಲ. ಗಾಡಿಗಳು ಮೂತಿ ಕೆಳಗಾಗಿ ಬೀಳುವುದು ಹೆಚ್ಚಾಗಿ ಈ ಹೊತ್ತಿನಲ್ಲಿ. ಬೆಳಿಗ್ಗೆ ನೆರಳೂ ಉದ್ದ, ತಂಪಿಗೆ ಮರಳೂ ಬಿಗಿ. ಮಧ್ಯಾಹ್ನ ನಿಲ್ಲಿಸಿ ಮಲಗಿ.

ಅರೇಬಿಯಾದ ಮರಳು: ಶರ್ಕಿಯಾ, ಲೀವಾ

ಮೊದಲ ಸಲ ದೊಡ್ಡ ಮರಳು ನೋಡುವವರಿಗೆ ನನ್ನ ಆಯ್ಕೆ ಒಮಾನ್‌ನ ಶರ್ಕಿಯಾ ಸ್ಯಾಂಡ್ಸ್. ಹಳೆಯ ಹೆಸರು ವಹೀಬಾ ಸ್ಯಾಂಡ್ಸ್. ಉತ್ತರ-ದಕ್ಷಿಣ ಸುಮಾರು 180 ಕಿಲೋಮೀಟರ್, ಪೂರ್ವ-ಪಶ್ಚಿಮ ಸುಮಾರು 80. ಉತ್ತರ ಭಾಗದ ದಿಬ್ಬಗಳು ನೂರು ಮೀಟರ್ ಎತ್ತರ. ಕೇಳಿದರೆ ಹೆದರಿಕೆಯಾಗುತ್ತದೆ, ಅಲ್ವಾ? ಆದರೆ ಈ ದಿಬ್ಬಗಳು ಹೆಚ್ಚುಕಡಿಮೆ ಉತ್ತರ-ದಕ್ಷಿಣವಾಗಿ ಸಾಲುಗಟ್ಟಿ ನಿಂತಿವೆ, ನಡುವೆ ಉದ್ದುದ್ದ ಕಣಿವೆಗಳು. ಉತ್ತರದ ಬಿದಿಯಾ ಕಡೆಯಿಂದ ಹೊರಟು ದಕ್ಷಿಣಕ್ಕೆ ಅರಬ್ಬೀ ಸಮುದ್ರದ ಕಡೆ ಹೋಗುವವರು ಬಹುಪಾಲು ಕಣಿವೆಯಲ್ಲೇ ಸಾಗಬಹುದು. ಮರುಭೂಮಿಯ ಅಲೆಮಾರಿಗಳಾದ ಬೆದೂಯಿನ್ ಜನರ ಗಾಡಿಗಳು ಓಡಾಡಿ ಬಿದ್ದ ಜಾಡುಗಳೂ ಇವೆ. ಅದೇ ಪೂರ್ವಕ್ಕೋ ಪಶ್ಚಿಮಕ್ಕೋ ತಿರುಗಿದಿರೋ, ಒಂದೊಂದು ಸಾಲನ್ನೂ ಹತ್ತಿ ಇಳಿಯಬೇಕು. ಹೊಸಬರು ಕಣಿವೆ ಹಿಡಿದು ಹೋಗಿ, ಧೈರ್ಯ ಬಂದಂತೆ ಪಕ್ಕದ ಸಾಲು ಹತ್ತಿ ನೋಡಿ ಕಲಿಯಬಹುದು. ಒಂದೇ ಜಾಗದಲ್ಲಿ ಎರಡು ಮಟ್ಟದ ಕಷ್ಟ ಸಿಗುವುದು ಅಪರೂಪ.

ಯುಎಇಯ ಲೀವಾ ಇದಕ್ಕೆ ತದ್ವಿರುದ್ಧ. ಇದು ರುಬ್ ಅಲ್ ಖಾಲಿಯ ಉತ್ತರದ ಅಂಚು. ಸುಮಾರು 6,50,000 ಚದರ ಕಿಲೋಮೀಟರ್ ಹರಡಿರುವ ಮರಳು ಅದು. ಇಲ್ಲಿನ ತಲ್ ಮೊರೀಬ್ ದಿಬ್ಬ ಸುಮಾರು 300 ಮೀಟರ್ ಎತ್ತರ. ಚಳಿಗಾಲದಲ್ಲಿ ಅದರ ಮೇಲೆ ಗಾಡಿ ಹತ್ತಿಸುವ ಸ್ಪರ್ಧೆ ನಡೆಯುತ್ತದೆ. ಲೀವಾದ ದಿಬ್ಬಗಳಿಗೆ ನೇರ ಸಾಲಿಲ್ಲ, ಒಂದರ ಮೇಲೊಂದು ಏರಿ ತಿರುವಿಕೊಂಡಿರುತ್ತವೆ. ನಡುವಿನ ಚಪ್ಪಟೆ ಜಾಗಗಳು ಕಣ್ಣಿಗೆ ಸುಲಭದ ದಾರಿ ಥರ ಕಾಣುತ್ತವೆ. ಅವು ಸಬ್ಖಾ, ಅಂದರೆ ಉಪ್ಪಿನ ಬಯಲು. ಮೇಲೆ ಗಟ್ಟಿ ಪದರ, ಒದ್ದೆಯಿದ್ದಾಗ ಅಡಿಯಲ್ಲಿ ಜವುಗು. ಜಾಡು ಬಿದ್ದಿರುವ ಕಡೆ ಮಾತ್ರ ಹೋಗಿ. ಲೀವಾ ಮರಳಿನಲ್ಲಿ ಪಳಗಿದವರಿಗೆ, ಅದೂ ಗುಂಪಿನಲ್ಲಿ ಹೋಗುವವರಿಗೆ.

ಮೊರಾಕ್ಕೊದ ಎರ್ಗ್ ಚೆಬ್ಬಿ ಬಗ್ಗೆಯೂ ಎರಡು ಮಾತು. ದಿಬ್ಬಗಳು ಸುಮಾರು 150 ಮೀಟರ್ ಎತ್ತರ, ಆದರೆ ಒಟ್ಟು ಮರಳಿನ ಹರವು ಚಿಕ್ಕದು, ಅಂಚಿನಲ್ಲೇ ಮೆರ್ಜೂಗಾ ಊರು. ಕೆಟ್ಟು ನಿಂತರೆ ಸಹಾಯ ದೂರವಿಲ್ಲ. ದೊಡ್ಡ ಪ್ರಯಾಣ ಬೇಕಿದ್ದರೆ ಫೂಮ್ ಜ್ಗಿಡ್ ಮತ್ತು ಎಂಹಮಿದ್ ನಡುವಿನ ಬತ್ತಿದ ಇರೀಕಿ ಕೆರೆ ದಾರಿ ನೋಡಿ. ಅಲ್ಲಿ ಮರಳು, ಕಲ್ಲು, ಕೆರೆ ಮೂರೂ ಸಿಗುತ್ತವೆ.

ಸಿಂಪ್ಸನ್: ಒಂದೇ ಮರುಭೂಮಿ, ಹಲವು ದಾರಿ

ಮರಳಿನ ದಾರಿ ಅಂದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆಸ್ಟ್ರೇಲಿಯಾದ ಸಿಂಪ್ಸನ್ ಮರುಭೂಮಿ. ಅಲ್ಲಿ ಸಾವಿರಕ್ಕೂ ಹೆಚ್ಚು ದಿಬ್ಬಗಳು ಒಂದರ ಪಕ್ಕ ಒಂದು ಸಮಾನಾಂತರವಾಗಿ ಮಲಗಿವೆ. ಕೆಲವು ನೂರಾರು ಕಿಲೋಮೀಟರ್ ಉದ್ದ. ಶರ್ಕಿಯಾದಲ್ಲಿ ಸಾಲಿನ ನಡುವೆ ಹೋಗುತ್ತೀರಿ, ಇಲ್ಲಿ ಪ್ರತಿ ಸಾಲನ್ನೂ ಅಡ್ಡ ದಾಟಬೇಕು. ಹತ್ತು, ಇಳಿ, ಹತ್ತು, ಇಳಿ, ದಿನವಿಡೀ. ಪಶ್ಚಿಮದ ಮೌಂಟ್ ಡೇರ್‌ನಿಂದ ಪೂರ್ವದ ಬರ್ಡ್ಸ್‌ವಿಲ್‌ವರೆಗೆ ಹತ್ತಿರದ ದಾರಿಯಲ್ಲೂ ಸುಮಾರು 500 ಕಿಲೋಮೀಟರ್, ನಡುವೆ ಒಂದು ಹನಿ ಇಂಧನ ಸಿಗುವುದಿಲ್ಲ. ನಾಲ್ಕೈದು ದಿನ ಹಿಡಿಯುತ್ತದೆ. ಮರಳಲ್ಲಿ ಗಾಡಿ ರಸ್ತೆಗಿಂತ ಎಷ್ಟೋ ಜಾಸ್ತಿ ಕುಡಿಯುತ್ತದೆ. ರಸ್ತೆಯ ಮೈಲೇಜ್ ಹಿಡಿದು ಲೆಕ್ಕ ಹಾಕಬೇಡಿ.

ಇಲ್ಲಿ ನಿಮ್ಮ ಮುಂದಿರುವ ಆಯ್ಕೆ ಯಾವ ದಾರಿಯಲ್ಲಿ ದಾಟುವುದು ಅನ್ನುವುದು. ಫ್ರೆಂಚ್ ಲೈನ್ ಎಲ್ಲರೂ ಮಾತಾಡುವ ದಾರಿ. 1960ರ ದಶಕದಲ್ಲಿ ಫ್ರೆಂಚ್ ತೈಲ ಕಂಪನಿಯೊಂದು ಎಣ್ಣೆ ಹುಡುಕಲು ನೇರ ಗೆರೆ ಎಳೆದಂತೆ ಕಡಿದದ್ದು. ನೇರ ಇರುವುದರಿಂದಲೇ ಕಷ್ಟ, ದಿಬ್ಬ ತಪ್ಪಿಸಿ ಸುತ್ತುವ ಮಾತೇ ಇಲ್ಲ. ಹಿಂದೆ ಹೋದವರು ಗಾಳಿ ಇಳಿಸದೆ ವೇಗದಲ್ಲಿ ನುಗ್ಗಿ ಏರುಗಳಲ್ಲಿ ಗುಂಡಿ ಗುಂಡಿ ಮಾಡಿಟ್ಟಿರುತ್ತಾರೆ. ಆ ಗುಂಡಿಗಳಲ್ಲಿ ಒಂದು ಚಕ್ರ ಗಾಳಿಯಲ್ಲಿ, ಇನ್ನೊಂದು ನೆಲದಲ್ಲಿ. ಸಸ್ಪೆನ್ಷನ್ ಹಣ್ಣಾಗುವುದು ಅಲ್ಲೇ.

ರಿಗ್ ರೋಡ್ ಅದೇ ಕಾಲದ್ದು. ಎಣ್ಣೆ ಕೊರೆಯುವ ಭಾರಿ ಯಂತ್ರ ಸಾಗಿಸಲು ದಿಬ್ಬಗಳ ಮೇಲೆ ಜೇಡಿಮಣ್ಣು ಹೊದಿಸಿ ಮಾಡಿದರು. ಈಗ ಎಷ್ಟೋ ಕಡೆ ಮಣ್ಣು ಕಿತ್ತುಹೋಗಿದೆ, ಆದರೂ ಇದೇ ಸುಲಭದ ದಾರಿ. ದಕ್ಷಿಣಕ್ಕೆ ಸುತ್ತು ಹಾಕುವುದರಿಂದ ದೂರ ಜಾಸ್ತಿ, ಇಂಧನವೂ ಜಾಸ್ತಿ ಹೊರಬೇಕು. ಮೊದಲ ಸಲ ಸಿಂಪ್ಸನ್ ದಾಟುವವರು ಫ್ರೆಂಚ್ ಲೈನ್ ಹೆಸರಿಗೆ ಮರುಳಾಗದೆ ರಿಗ್ ರೋಡ್ ನೋಡಬೇಕು ಅನ್ನುವುದು ನನ್ನ ಮಾತು. ಇಲ್ಲಿ ಓಡಾಟ ಕಡಿಮೆ, ಮರುಭೂಮಿಯ ಮೌನ ಪೂರ್ತಿ ನಿಮ್ಮದೇ. ಅದರ ಇನ್ನೊಂದು ಮುಖವೂ ಇದೆ, ಸಹಾಯಕ್ಕೆ ಬರುವ ಗಾಡಿಯೂ ಕಡಿಮೆ. ಒಂಟಿ ಗಾಡಿಯಲ್ಲಿ ಹೋಗಬೇಡಿ.

ಮ್ಯಾಡಿಗನ್ ಲೈನ್ ಉತ್ತರದ್ದು. ಭೂವಿಜ್ಞಾನಿ ಸೆಸಿಲ್ ಮ್ಯಾಡಿಗನ್ 1939ರಲ್ಲಿ ಒಂಟೆಗಳ ಮೇಲೆ ದಾಟಿದ ಜಾಡು. ದಾರಿ ಅಂತ ಮಾಡಿದ್ದೇ ಕಡಿಮೆ, ಗುರುತು ಹುಡುಕಿಕೊಂಡು ಹೋಗಬೇಕು. ಇಂಥ ಪ್ರಯಾಣ ಮೊದಲೇ ಮಾಡಿದವರು ಜೊತೆಯಲ್ಲಿಲ್ಲದಿದ್ದರೆ ಇದು ಬೇಡ.

ಯಾವ ದಾರಿಯಾದರೂ ಪಶ್ಚಿಮದಿಂದ ಪೂರ್ವಕ್ಕೆ ಹೋಗಿ. ದಿಬ್ಬಗಳ ಪಶ್ಚಿಮದ ಬದಿ ನಿಧಾನ ಏರು, ಪೂರ್ವದ ಬದಿ ಕಡಿದಾದ ಇಳಿಜಾರು. ಉಲ್ಟಾ ಬಂದರೆ ಕಡಿದಾದ ಬದಿಯನ್ನೇ ದಿನವಿಡೀ ಹತ್ತಬೇಕು. ಪೂರ್ವಕ್ಕೆ ಹೋದಂತೆ ದಿಬ್ಬಗಳು ದೊಡ್ಡದಾಗುತ್ತವೆ, ನಡುವಿನ ಅಂತರವೂ ಹೆಚ್ಚುತ್ತದೆ. ಕೊನೆಗೆ ಬರ್ಡ್ಸ್‌ವಿಲ್ ಹತ್ತಿರ ಬಿಗ್ ರೆಡ್, ಸುಮಾರು 40 ಮೀಟರ್. ಅಷ್ಟರಲ್ಲಿ ನಿಮ್ಮ ಕೈ ಚೆನ್ನಾಗಿ ಪಳಗಿರುತ್ತದೆ. ಶುರುವಿನಲ್ಲಿ ಡಲ್‌ಹೌಸಿ ಬಿಸಿನೀರಿನ ಬುಗ್ಗೆ, ನಡುವೆ ಮೂರು ಆಡಳಿತ ಪ್ರದೇಶಗಳು ಕೂಡುವ ಪೆಪ್ಪಲ್ ಕಾರ್ನರ್. 1880ರಲ್ಲಿ ಸರ್ವೇಯರ್ ಅಗಸ್ಟಸ್ ಪೆಪ್ಪಲ್ ಅಲ್ಲಿ ಕಂಬ ನೆಟ್ಟರು. ಅಳತೆಯ ಸರಪಳಿ ಒಂದು ಇಂಚು ಉದ್ದವಾಗಿಬಿಟ್ಟಿತ್ತು ಅಂತ ಆಮೇಲೆ ಗೊತ್ತಾಗಿ ಕಂಬವನ್ನು ಸರಿಸಬೇಕಾಯಿತು.

ಇದೆಲ್ಲಕ್ಕೂ ಮುಂಚೆ ಈ ಮರಳಿನಲ್ಲಿ ವಾಂಗ್ಕಂಗುರು ಜನ ಬಾಳಿದ್ದರು. ದಿಬ್ಬಗಳ ನಡುವೆ ಕೈಯಿಂದ ತೋಡಿದ ಮಿಕಿರಿ ಎಂಬ ಬಾವಿಗಳೇ ಅವರಿಗೆ ಆಸರೆ. ಇಪ್ಪತ್ತನೇ ಶತಮಾನದ ಹೊಸ್ತಿಲಲ್ಲಿ ಅವರು ಮರುಭೂಮಿ ಬಿಟ್ಟು ಹೊರಬಂದರು. ನಾವು ನೂರಾರು ಲೀಟರ್ ಹೊತ್ತು ಹೋಗುವ ಜಾಗದಲ್ಲಿ ನೀರು ಎಲ್ಲಿದೆ ಅಂತ ಅವರಿಗೆ ಗೊತ್ತಿತ್ತು. ಅಲ್ಲಿ ಗಾಡಿ ನಿಲ್ಲಿಸಿದಾಗ ಇದು ನೆನಪಿರಲಿ.

ದಿಬ್ಬದ ಆಚೆ ಎದುರಿನಿಂದ ಬರುವ ಗಾಡಿ ಕಾಣುವುದಿಲ್ಲವಾದ್ದರಿಂದ ಪ್ರತಿ ಗಾಡಿಯ ಮುಂಭಾಗಕ್ಕೂ ಉದ್ದ ಕೋಲು ಕಟ್ಟಿ ಬಾವುಟ ಹಾಕುವುದು ಕಡ್ಡಾಯ. ಬಾವುಟದ ತುದಿ ನೆಲದಿಂದ 3.5 ಮೀಟರ್ ಎತ್ತರ ಇರಬೇಕು. ರೇಡಿಯೋ ಆನ್ ಇಟ್ಟು ದಿಬ್ಬ ಹತ್ತುವ ಮುಂಚೆ ಹೇಳಿ. ಟ್ರೇಲರ್ ಎಳೆದುಕೊಂಡು ಹೋಗಬೇಡಿ, ನಿಮಗೂ ಕಷ್ಟ, ಹಿಂದೆ ಬರುವವರ ದಾರಿಯೂ ಹಾಳು.

ಕ್ಯಾನಿಂಗ್ ಸ್ಟಾಕ್ ರೂಟ್

ಪಶ್ಚಿಮ ಆಸ್ಟ್ರೇಲಿಯಾದ ಕ್ಯಾನಿಂಗ್ ಸ್ಟಾಕ್ ರೂಟ್ ಬೇರೆಯದೇ ಲೆಕ್ಕ. ವಿಲೂನಾದಿಂದ ಹಾಲ್ಸ್ ಕ್ರೀಕ್‌ಗೆ ಸುಮಾರು 1,850 ಕಿಲೋಮೀಟರ್, ಎರಡರಿಂದ ಮೂರು ವಾರ. ಮರಳಿನ ಕಷ್ಟ ಸಿಂಪ್ಸನ್‌ನಷ್ಟೇ, ಆದರೆ ಇಲ್ಲಿ ಗಾಡಿಯನ್ನು ಸೋಲಿಸುವುದು ತೊಳೆಯುವ ಕಲ್ಲಿನಂತೆ ಏಣೇಣಾದ ನೆಲ. ಗಂಟೆಗಟ್ಟಲೆ ಕುಲುಕಾಡಿ ಶಾಕ್ ಅಬ್ಸಾರ್ಬರ್ ಬಿಸಿಯೇರುತ್ತದೆ, ಬೋಲ್ಟು ಸಡಿಲಾಗುತ್ತದೆ, ಮೇಲಿನ ಕ್ಯಾರಿಯರ್ ಬಿರುಕು ಬಿಡುತ್ತದೆ. ಪ್ರತಿ ಸಂಜೆ ಸ್ಪ್ಯಾನರ್ ಹಿಡಿದು ಗಾಡಿಯಡಿ ಮಲಗುವ ಅಭ್ಯಾಸ ಇರಬೇಕು. ಗಾಡಿ ರಿಪೇರಿ ಬರುವವರು ಗುಂಪಿನಲ್ಲಿ ಒಬ್ಬರಾದರೂ ಬೇಕು.

ಇನ್ನೊಂದು ಅಪಾಯ ಸಿಂಪ್ಸನ್‌ನಲ್ಲೂ ಇದೆ, ಇಲ್ಲಿ ಜಾಸ್ತಿ. ದಾರಿಯ ನಡುವೆ ಬೆಳೆಯುವ ಸ್ಪಿನಿಫೆಕ್ಸ್ ಹುಲ್ಲು ಗಾಡಿಯಡಿ ಸಿಕ್ಕಿ ಸೈಲೆನ್ಸರ್ ಸುತ್ತ ಸೇರಿಕೊಳ್ಳುತ್ತದೆ. ಅದರಲ್ಲಿ ಅಂಟು ಇರುವುದರಿಂದ ಬಿಸಿಗೆ ಭಗ್ಗನೆ ಹತ್ತಿಕೊಳ್ಳುತ್ತದೆ. ಗಾಡಿ ಪೂರ್ತಿ ಸುಟ್ಟುಹೋದ ಉದಾಹರಣೆಗಳಿವೆ. ನಿಲ್ಲಿಸಿದಾಗಲೆಲ್ಲ ಕೊಕ್ಕೆ ಕಂಬಿಯಿಂದ ಹುಲ್ಲು ಎಳೆದು ತೆಗೆಯಿರಿ. ರೇಡಿಯೇಟರ್ ಮುಂದೆ ಬೀಜ ತಡೆಯುವ ಜಾಲರಿ ಹಾಕಿ. ಬೆಂಕಿ ನಂದಿಸುವ ಸಿಲಿಂಡರ್ ಕೈಗೆ ಸಿಗುವ ಕಡೆ ಇರಲಿ, ಸಾಮಾನಿನ ಅಡಿಯಲ್ಲಿ ಬೇಡ.

ಈ ದಾರಿಯ ಹಿಂದೆ ನೋವಿನ ಕಥೆಯಿದೆ. ಆಲ್ಫ್ರೆಡ್ ಕ್ಯಾನಿಂಗ್ 1906ರಲ್ಲಿ ದನ ಸಾಗಿಸುವ ದಾರಿಗಾಗಿ ಸರ್ವೆ ಶುರು ಮಾಡಿದಾಗ ನೀರಿನ ಸೆಲೆ ತೋರಿಸಲೆಂದು ಮೂಲನಿವಾಸಿಗಳನ್ನು ಹಿಡಿದು ಸರಪಳಿ ಹಾಕಿದ್ದರು. 1908ರಲ್ಲಿ ವಿಚಾರಣಾ ಆಯೋಗ ಕೂತಿತು, ಆದರೆ ಅವರನ್ನು ತಪ್ಪಿತಸ್ಥ ಅನ್ನಲಿಲ್ಲ. ಇಂದು ದಾರಿ ಹಾಯುವುದು ಆ ಜನರ ನೆಲದಲ್ಲೇ. ಅವರ ಪರ್ಮಿಟ್ ಪಡೆದೇ ಹೋಗಬೇಕು. ಅವರು ಯಾವುದಾದರೂ ಭಾಗ ಮುಚ್ಚಿದ್ದರೆ ಅದಕ್ಕೆ ಬೆಲೆ ಕೊಡಬೇಕು. ಇಂಧನಕ್ಕೆ ನಡುವೆ ಕುನವರಿಟ್ಜಿ ಎಂಬ ಅವರದೇ ಊರು ಆಸರೆ. ಅಲ್ಲಿ ಸಿಗುತ್ತದೆಯೇ ಅಂತ ಮೊದಲೇ ಕೇಳಿ ಖಾತ್ರಿ ಮಾಡಿಕೊಳ್ಳಿ.

ನಮೀಬಿಯಾದ ಎರಡು ತುಣುಕುಗಳು

ವಾರಗಟ್ಟಲೆ ಬೇಡ, ಒಂದೇ ದಿನ ಸಾಕು ಅಂದರೆ ಸ್ಯಾಂಡ್‌ವಿಚ್ ಹಾರ್ಬರ್. ವಾಲ್ವಿಸ್ ಬೇಯಿಂದ ದಕ್ಷಿಣಕ್ಕೆ, ಒಂದು ಕಡೆ ಅಟ್ಲಾಂಟಿಕ್, ಇನ್ನೊಂದು ಕಡೆ ನಮೀಬ್‌ನ ದಿಬ್ಬಗಳು. ಸಮುದ್ರ ಉಕ್ಕಿದಾಗ ನಡುವಿನ ದಾರಿಯೇ ಇರುವುದಿಲ್ಲ. ಉಬ್ಬರ ಇಳಿತದ ಸಮಯ ತಿಳಿದ ಸ್ಥಳೀಯ ಗೈಡ್ ಜೊತೆ ಹೋಗುವುದೇ ಸರಿ. ಉತ್ತರದ ಕಾವ್ಕೊಲ್ಯಾಂಡ್‌ನ ವ್ಯಾನ್ ಜಿಲ್ಸ್ ಪಾಸ್ ಕಲ್ಲಿನ ಇಳಿಜಾರು. ಪೂರ್ವದಿಂದ ಪಶ್ಚಿಮಕ್ಕೆ ಇಳಿಯುವುದು ಮಾತ್ರ, ಹತ್ತುವಂತಿಲ್ಲ. ಶುರು ಮಾಡಿದ ಮೇಲೆ ಹಿಂದಿರುಗುವ ಮಾತಿಲ್ಲ. ವೈಟ್ ರಿಮ್ ಮುಗಿಸಿ ಕೈ ಪಳಗಿಸಿಕೊಂಡವರಿಗೆ ಇದು.

ಗಾಡಿ, ನೀರು, ಜೊತೆ

ಮೊಹಾವಿ, ವೈಟ್ ರಿಮ್, ಶರ್ಕಿಯಾ ಮೂರಕ್ಕೂ ಕಂಪನಿಯಿಂದ ಬಂದ ಹಾಗೇ ಇರುವ ಒಳ್ಳೆಯ ಫೋರ್ ವೀಲ್ ಡ್ರೈವ್ ಸಾಕು. ಟೈರು ಹೊಸದಿರಲಿ. ಸಿಂಪ್ಸನ್, ಕ್ಯಾನಿಂಗ್‌ಗೆ ಹೆಚ್ಚಿನ ಇಂಧನ ಟ್ಯಾಂಕು, ಗಟ್ಟಿ ಸ್ಪ್ರಿಂಗು, ಎರಡು ಸ್ಟೆಪ್ನಿ ಬೇಕು. ಭಾರ ಮಾತ್ರ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು, ಮುಖ್ಯವಾಗಿ ತಲೆಯ ಮೇಲಿನದು. ಬಾಡಿಗೆ ಗಾಡಿಯಾದರೆ ಒಪ್ಪಂದ ಪೂರ್ತಿ ಓದಿ. ಡಾಂಬರು ಬಿಟ್ಟು ಇಳಿದರೆ ವಿಮೆ ಇಲ್ಲ ಅಂತ ಬಹಳ ಕಡೆ ಬರೆದಿರುತ್ತಾರೆ.

ಎಳೆಯುವ ಹಗ್ಗವನ್ನು ಟ್ರೇಲರ್ ಸಿಕ್ಕಿಸುವ ಕಬ್ಬಿಣದ ಉಂಡೆಗೆ (ಟೋ ಬಾಲ್) ಯಾವತ್ತೂ ಕಟ್ಟಬೇಡಿ. ಅದು ಮುರಿದು ಹಾರಿ ಜನ ಸತ್ತಿದ್ದಾರೆ. ಗಾಡಿಯಲ್ಲಿ ಅದಕ್ಕೆಂದೇ ಇರುವ ಕೊಕ್ಕೆಗೆ ಕಟ್ಟಿ, ಎಳೆಯುವಾಗ ಉಳಿದವರು ದೂರ ನಿಲ್ಲಿ.

ನೀರು ಒಬ್ಬರಿಗೆ ದಿನಕ್ಕೆ ಕನಿಷ್ಠ ಐದು ಲೀಟರ್, ಬಿಸಿಲಿದ್ದರೆ ಇನ್ನೂ ಜಾಸ್ತಿ. ಅದರ ಮೇಲೆ ಕೆಲವು ದಿನಕ್ಕೆ ಹೆಚ್ಚುವರಿ. ಎಲ್ಲವನ್ನೂ ಒಂದೇ ಡಬ್ಬಿಯಲ್ಲಿ ತುಂಬಬೇಡಿ, ಒಡೆದರೆ ಮುಗಿಯಿತು. ಮೊಬೈಲ್ ಸಿಗ್ನಲ್ ಇರುವುದಿಲ್ಲ, ಸ್ಯಾಟಲೈಟ್ ಫೋನೋ ತುರ್ತು ಸಂಕೇತ ಕಳಿಸುವ ಸಾಧನವೋ ಬೇಕೇ ಬೇಕು. ಕೆಲವು ದೇಶಗಳಲ್ಲಿ ಸ್ಯಾಟಲೈಟ್ ಫೋನಿಗೆ ಅನುಮತಿ ಬೇಕಾಗುತ್ತದೆ, ವಿಚಾರಿಸಿಕೊಳ್ಳಿ. ಗಾಡಿ ಕೆಟ್ಟರೆ ಅದರ ಹತ್ತಿರವೇ ಇರಿ. 1963ರ ಡಿಸೆಂಬರ್‌ನಲ್ಲಿ ಬರ್ಡ್ಸ್‌ವಿಲ್ ಟ್ರ್ಯಾಕ್ ಹತ್ತಿರ ಒಂದೇ ಕುಟುಂಬದ ಐದು ಜನ ನಿಂತ ಗಾಡಿ ಬಿಟ್ಟು ನಡೆದುಹೋಗಿ ಬಾಯಾರಿಕೆಯಿಂದ ಸತ್ತರು. ಹುಡುಕುವ ವಿಮಾನಕ್ಕೆ ಗಾಡಿ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ.

ಜಾಡು ಬಿಟ್ಟು ಇಳಿಯಬೇಡಿ

ಸರಿಯುತ್ತಲೇ ಇರುವ ಮರಳು ದಿಬ್ಬದ ಮೇಲಿನ ಗುರುತನ್ನು ಗಾಳಿ ಒಂದೇ ರಾತ್ರಿಗೆ ಅಳಿಸಬಹುದು. ಉಳಿದ ನೆಲಕ್ಕೆ ಆ ಭಾಗ್ಯವಿಲ್ಲ. ನಮೀಬ್‌ನ ಜಲ್ಲಿ ಬಯಲುಗಳಲ್ಲಿ ಮಂಜಿನ ತೇವ ಕುಡಿದು ಬದುಕುವ ಕಲ್ಲುಹೂಗಳಿವೆ. ಒಂದು ಸಲ ಚಕ್ರ ಹಾಯ್ದರೆ ದಶಕಗಳವರೆಗೆ ಆ ಗೆರೆ ಹಾಗೇ ಉಳಿಯುತ್ತದೆ. ಯೂಟಾದಲ್ಲಿ ಮಣ್ಣಿನ ಮೇಲೆ ಕಪ್ಪಗೆ ಉಬ್ಬುಬ್ಬಾಗಿ ಕಾಣುವ ಪದರವೂ ಜೀವ ಇರುವಂಥದ್ದೇ, ಅದು ಮಣ್ಣನ್ನು ಹಿಡಿದಿಡುತ್ತದೆ. ಡೆತ್ ವ್ಯಾಲಿಯ ರೇಸ್‌ಟ್ರ್ಯಾಕ್ ಎಂಬ ಒಣಕೆರೆಯ ಮೇಲೆ 2016ರಲ್ಲಿ ಯಾರೋ ಗಾಡಿ ಓಡಿಸಿ ಸುಮಾರು 16 ಕಿಲೋಮೀಟರ್ ಗುರುತು ಬಿಟ್ಟುಹೋದರು. ಬಂಡೆಗಳು ತಾವಾಗೇ ಜಾರಿ ಗೆರೆ ಬಿಡುವ ಅಪರೂಪದ ಜಾಗ ಅದು. ಇಂಥ ಸುದ್ದಿ ಓದಿದರೆ ಸಂಕಟವಾಗುತ್ತದೆ. ಎಲ್ಲಿ ಬೇಕಾದರೂ ನುಗ್ಗುವ ಆಸೆ ಇದ್ದವರು ಶರ್ಕಿಯಾ, ಲೀವಾ ಥರದ ತೆರೆದ ಮರಳನ್ನು ಆರಿಸಲಿ. ಉಳಿದ ಕಡೆ ಇದ್ದ ಜಾಡಿನಲ್ಲೇ ಹೋಗಬೇಕು.

ರಜೆ ಯಾವಾಗ ಸಿಗುತ್ತದೆ?

ಎಷ್ಟೋ ಸಲ ಕೊನೆಯ ತೀರ್ಮಾನ ಕ್ಯಾಲೆಂಡರಿನದ್ದೇ. ನವೆಂಬರ್‌ನಿಂದ ಮಾರ್ಚ್ ಒಮಾನ್ ಮತ್ತು ಲೀವಾಗೆ ಸರಿ. ಮೊಹಾವಿಗೆ ಅಕ್ಟೋಬರ್‌ನಿಂದ ಏಪ್ರಿಲ್, ಆದರೆ ಮಳೆಯಾದ ವಾರ ಸೋಡಾ ಲೇಕ್ ಬೇಡ. ವೈಟ್ ರಿಮ್‌ಗೆ ವಸಂತ ಅಥವಾ ಶರತ್ಕಾಲ. ಚಳಿಗಾಲದಲ್ಲಿ ಷೇಫರ್ ತಿರುವುಗಳ ಮೇಲೆ ಹಿಮ ಗಟ್ಟಿಯಾಗಿರುತ್ತದೆ, ಬೇಸಿಗೆ ಸುಡುತ್ತದೆ. ಒಳ್ಳೆಯ ತಿಂಗಳುಗಳ ಪರ್ಮಿಟ್ ಬೇಗ ಖಾಲಿಯಾಗುವುದರಿಂದ ತಿಂಗಳುಗಟ್ಟಲೆ ಮುಂಚೆಯೇ ಹಾಕಿ. ಯಾವ ಕಾಲದಲ್ಲೂ ಒಣಹಳ್ಳದಲ್ಲಿ ಟೆಂಟ್ ಹಾಕಬೇಡಿ, ಎಲ್ಲೋ ದೂರದ ಬೆಟ್ಟದಲ್ಲಿ ಬಿದ್ದ ಮಳೆ ನಿಮ್ಮ ಹಳ್ಳಕ್ಕೆ ಬರುತ್ತದೆ.

ಆಸ್ಟ್ರೇಲಿಯಾದಲ್ಲಿ ಋತು ತಿರುವುಮುರುವು. ಮೇಯಿಂದ ಸೆಪ್ಟೆಂಬರ್ ಸಿಂಪ್ಸನ್‌ಗೂ ಕ್ಯಾನಿಂಗ್‌ಗೂ ಒಳ್ಳೆಯ ಕಾಲ, ರಾತ್ರಿ ಮಾತ್ರ ಕೊರೆಯುವ ಚಳಿ. ಸಿಂಪ್ಸನ್‌ನ ದಕ್ಷಿಣ ಆಸ್ಟ್ರೇಲಿಯಾ ಭಾಗದ ಪಾರ್ಕನ್ನು ಪ್ರತಿ ವರ್ಷ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಬಿಸಿಲಿನ ಕಾರಣಕ್ಕೆ ಮುಚ್ಚುತ್ತಾರೆ. ತೆರೆದಿದ್ದಾಗ ಡೆಸರ್ಟ್ ಪಾರ್ಕ್ಸ್ ಪಾಸ್ ತಗೊಂಡು ಹೋಗಬೇಕು. ದೂರದಲ್ಲಿ ಮಳೆಯಾಗಿ ಐರ್ ಕ್ರೀಕ್ ತುಂಬಿದ್ದರೆ ಬರ್ಡ್ಸ್‌ವಿಲ್ ಕಡೆಯ ದಾರಿಗೆ ಸುತ್ತು ಹಾಕಬೇಕಾಗುತ್ತದೆ. ಹೊರಡುವ ಹಿಂದಿನ ದಿನ ಮೌಂಟ್ ಡೇರ್‌ನಲ್ಲಿ ವಿಚಾರಿಸಿ, ಆ ಸುತ್ತಿಗೆ ಬೇಕಾಗುವ ಇಂಧನವನ್ನೂ ಅಲ್ಲೇ ತುಂಬಿಸಿಕೊಳ್ಳಿ.